ಆಸಿಡ್ ರಿಫ್ಲಕ್ಸ್‌ಗೆ ಶಸ್ತ್ರಚಿಕಿತ್ಸೆ: ಅನುಭವಿ ಶಸ್ತ್ರಚಿಕಿತ್ಸಕರನ್ನು ಗುರುತಿಸುವುದು ಹೇಗೆ?

ಪ್ರಶ್ನೆ: ಬ್ರಹ್ಮಾವರದವನು

ಎಲ್ಲರಿಗೂ ನಮಸ್ಕಾರ. ನನ್ನ ಭಾವನವರ ಪರವಾಗಿ ಇದನ್ನು ಬರೆಯುತ್ತಿದ್ದೇನೆ. ಅವರಿಗೆ 48 ವರ್ಷ. ಯಕ್ಷಗಾನ ಮೇಳವೊಂದರಲ್ಲಿ ಪದ ಹಾಡುವ ಭಾಗವತರಾಗಿದ್ದಾರೆ. ಬಹಳ ವರ್ಷಗಳಿಂದ ಎದೆಯುರಿ, ಹುಳಿತೇಗು ಇವೆ. ಮಲಗಿದರೆ ಗಂಟಲಿನವರೆಗೆ ಹುಳಿನೀರು ಬರುತ್ತದೆ. ಆಟ ಈಗ ಕಾಲಮಿತಿಯದ್ದಾದರೂ, ಮಂಗಳ ಹಾಡಿ ತಾಳ ಕೆಳಗಿಟ್ಟು ಊಟಕ್ಕೆ ಕುಳಿತುಕೊಳ್ಳುವಾಗ ಗಂಟೆ ಒಂದು ದಾಟಿರುತ್ತದೆ, ಉಂಡ ಸ್ವಲ್ಪ ಹೊತ್ತಿನಲ್ಲೇ ಮಲಗುವುದೂ ಆಗುತ್ತದೆ. ಪ್ಯಾಂಟೊಪ್ರಜೋಲ್ ಮಾತ್ರೆಯನ್ನು ವರ್ಷಗಳಿಂದ ತೆಗೆದುಕೊಳ್ಳುತ್ತಿದ್ದಾರೆ. ಮಾತ್ರೆ ಬಿಟ್ಟ ಎರಡು ಮೂರು ದಿನಗಳಲ್ಲಿ ಉರಿ ಮತ್ತೆ ಶುರುವಾಗುತ್ತದೆ.

ಕಳೆದ ತಿರುಗಾಟದಿಂದ ಹೊಸದೊಂದು ತೊಂದರೆ ಸೇರಿಕೊಂಡಿದೆ. ಬೆಳಿಗ್ಗೆ ಎದ್ದಾಗ ಸ್ವರ ಒಡಕಲಾಗಿರುತ್ತದೆ, ಏರುಶ್ರುತಿಯ ಪದಗಳಲ್ಲಿ ಗಂಟಲು ಸಹಕರಿಸುವುದಿಲ್ಲ. ಎಂಡೋಸ್ಕೋಪಿ ಮಾಡಿಸಿದಾಗ ಸುಮಾರು 3 ಸೆಂ.ಮೀ.ನ ಹಯಾಟಸ್ ಹರ್ನಿಯಾ (ಜಠರದ ಮೇಲ್ಭಾಗ ವಪೆಯ ರಂಧ್ರದ ಮೂಲಕ ಎದೆಯೊಳಗೆ ಏರಿರುವುದು) ಇದೆ, ಅನ್ನನಾಳದ ಕೆಳತುದಿಯಲ್ಲಿ ಗ್ರೇಡ್ ಬಿ (ಎ ಯಿಂದ ಡಿ ವರೆಗಿನ ನಾಲ್ಕು ಹಂತಗಳಲ್ಲಿ ಎರಡನೆಯದು) ಹುಣ್ಣುಗಳಿವೆ ಎಂದು ವರದಿ ಬಂದಿತು. ಅದನ್ನು ನೋಡಿದ ಶಸ್ತ್ರಚಿಕಿತ್ಸಕರೊಬ್ಬರು ಲ್ಯಾಪರೊಸ್ಕೋಪಿ ಮೂಲಕ ಸರಿಪಡಿಸಬಹುದು, ಬೇಕಾದರೆ ಮುಂದಿನ ವಾರವೇ ದಾಖಲಾಗಬಹುದು ಎಂದಿದ್ದಾರೆ.

ಕೇಳಿದವರೆಲ್ಲರೂ ಒಬ್ಬೊಬ್ಬ ಡಾಕ್ಟರರ ಹೆಸರು ಹೇಳಿ "ಅವರ ಕೈಗುಣ ಒಳ್ಳೆಯದು" ಎನ್ನುತ್ತಾರೆ. ನನಗೆ ಹೆಸರುಗಳು ಬೇಡ. ಈ ಶಸ್ತ್ರಚಿಕಿತ್ಸೆಯಲ್ಲಿ ಒಬ್ಬರು ನಿಜವಾಗಿ ಪಳಗಿದವರೇ ಎಂಬುದನ್ನು ನಮ್ಮಂಥವರು ಏನು ಕೇಳಿ, ಏನು ನೋಡಿ ತಿಳಿದುಕೊಳ್ಳಬಹುದು? ಮಂಗಳೂರು, ಮಣಿಪಾಲಗಳಲ್ಲಿ ನೋಡಿದರೆ ಸಾಕೇ, ಬೆಂಗಳೂರಿಗೆ ಹೋಗಬೇಕೇ?

ಉತ್ತರ: ನಿವೃತ್ತ ಶಸ್ತ್ರಚಿಕಿತ್ಸಕ, ಉಡುಪಿ

ನಾನು ಸಾಮಾನ್ಯ ಶಸ್ತ್ರಚಿಕಿತ್ಸಕನಾಗಿ ದುಡಿದು ಈಗ ನಿವೃತ್ತನಾಗಿದ್ದೇನೆ. ಈ ಶಸ್ತ್ರಚಿಕಿತ್ಸೆಯನ್ನು ಸ್ವತಃ ಮಾಡುತ್ತಿದ್ದವನಲ್ಲ, ಅದನ್ನೇ ಮಾಡುವವರ ಬಳಿಗೆ ರೋಗಿಗಳನ್ನು ಕಳುಹಿಸುತ್ತಿದ್ದವನು. ಹಾಗಾಗಿ ಯಾರಲ್ಲಿಗೆ ಕಳುಹಿಸಬೇಕು, ಯಾರಲ್ಲಿಗೆ ಕಳುಹಿಸಬಾರದು ಎಂದು ಯೋಚಿಸುವುದು ನನ್ನ ಕೆಲಸದ ಭಾಗವೇ ಆಗಿತ್ತು.

ತಮ್ಮ ಬರಹದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು "ಮುಂದಿನ ವಾರವೇ" ಎಂಬ ಮಾತು. ಇದು ತುರ್ತು ಶಸ್ತ್ರಚಿಕಿತ್ಸೆಯಲ್ಲ. ಎಂಡೋಸ್ಕೋಪಿ ವರದಿಯೊಂದನ್ನೇ ನೋಡಿ ದಿನ ಗೊತ್ತುಮಾಡುವವರಿಗಿಂತ, ಮೊದಲು ಇನ್ನೆರಡು ಪರೀಕ್ಷೆ ಮಾಡಿಸಿಕೊಂಡು ಬನ್ನಿ ಎಂದು ಹಿಂದೆ ಕಳುಹಿಸುವವರ ಮೇಲೆ ನನಗೆ ನಂಬಿಕೆ ಹೆಚ್ಚು. ಮೊದಲನೆಯದು ಮ್ಯಾನೊಮೆಟ್ರಿ, ಅಂದರೆ ಅನ್ನನಾಳದ ಸ್ನಾಯುಗಳು ಆಹಾರವನ್ನು ಎಷ್ಟು ಬಲದಿಂದ, ಯಾವ ಲಯದಲ್ಲಿ ಕೆಳಗೆ ತಳ್ಳುತ್ತವೆ ಎಂಬುದನ್ನು ಅಳೆಯುವ ಪರೀಕ್ಷೆ. ಅಕಲೇಶಿಯಾ ಎಂಬ ಇನ್ನೊಂದು ಕಾಯಿಲೆಯಲ್ಲಿ ಅನ್ನನಾಳದ ಕೆಳಬಾಗಿಲು ಸಡಿಲಗೊಳ್ಳುವುದೇ ಇಲ್ಲ. ಅದರಲ್ಲೂ ರೋಗಿ ಎದೆಯುರಿ ಎಂದೇ ಹೇಳಿಕೊಂಡು ಬರುವುದುಂಟು. ಅಂಥವರಿಗೆ ಈ ಶಸ್ತ್ರಚಿಕಿತ್ಸೆ ಮಾಡಿದರೆ ನೀರೂ ಇಳಿಯದ ಸ್ಥಿತಿ ಬರಬಹುದು. ಎರಡನೆಯದು 24 ಗಂಟೆಗಳ ಪಿಎಚ್ ಪರೀಕ್ಷೆ. ಸಾಮಾನ್ಯವಾಗಿ ಒಂದು ವಾರ ಮಾತ್ರೆ ನಿಲ್ಲಿಸಿ ಇದನ್ನು ಮಾಡುತ್ತಾರೆ. ಅನ್ನನಾಳದಲ್ಲಿ ಆಮ್ಲ ಇರುವ ಹೊತ್ತು ಒಟ್ಟು ಸಮಯದ ಶೇ. 6ಕ್ಕಿಂತ ಹೆಚ್ಚಿದ್ದರೆ ರಿಫ್ಲಕ್ಸ್ ಖಚಿತ, ಶೇ. 4ಕ್ಕಿಂತ ಕಡಿಮೆಯಿದ್ದರೆ ಸಹಜ. ನಡುವೆ ಇದ್ದರೆ ಉಳಿದ ಪರೀಕ್ಷೆಗಳ ಜೊತೆ ಸೇರಿಸಿ ನೋಡಬೇಕು.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. 2019ರಲ್ಲಿ ಅಮೆರಿಕದ ಮಾಜಿ ಯೋಧರ ಆಸ್ಪತ್ರೆಗಳಿಂದ ಬಂದ ಅಧ್ಯಯನವೊಂದರಲ್ಲಿ, ಮಾತ್ರೆಗೆ ಬಗ್ಗದ ಎದೆಯುರಿ ಎಂದು ಕಳುಹಿಸಲ್ಪಟ್ಟ 366 ಮಂದಿಯನ್ನು ಪರಿಶೀಲಿಸಲಾಯಿತು. ಅವರಲ್ಲಿ 42 ಮಂದಿಗೆ ಅದೇ ಜಾತಿಯ ಮಾತ್ರೆಯನ್ನು ಊಟಕ್ಕೆ ಮೊದಲು, ಹೇಳಿದ ಕ್ರಮದಲ್ಲಿ ಎರಡು ವಾರ ಕೊಟ್ಟಾಗಲೇ ಗುಣ ಕಂಡಿತು. 99 ಮಂದಿಗೆ ಉರಿ ಇತ್ತು, ಆದರೆ ಅದಕ್ಕೆ ಆಮ್ಲ ಕಾರಣವಾಗಿರಲಿಲ್ಲ. ಎಲ್ಲ ಜರಡಿಯನ್ನೂ ದಾಟಿ ಉಳಿದವರು 78 ಮಂದಿ. ಆ 78 ಮಂದಿಯನ್ನು ಮೂರು ಗುಂಪು ಮಾಡಿದಾಗ ಶಸ್ತ್ರಚಿಕಿತ್ಸೆ ಪಡೆದವರಲ್ಲಿ ಶೇ. 67ರಷ್ಟು ಜನರಿಗೆ ಒಳ್ಳೆಯ ಫಲ ಸಿಕ್ಕಿತು. ಔಷಧದ ಎರಡು ಗುಂಪುಗಳಲ್ಲಿ ಇದು ಶೇ. 28 ಮತ್ತು ಶೇ. 12 ಮಾತ್ರ. ಸರಿಯಾದ ರೋಗಿಯನ್ನು ಆರಿಸಿದರೆ ಶಸ್ತ್ರಚಿಕಿತ್ಸೆ ಬಹಳ ಒಳ್ಳೆಯದು. ಆ ಆರಿಸುವ ಕೆಲಸವನ್ನು ಶ್ರದ್ಧೆಯಿಂದ ಮಾಡುವವರೇ ಅನುಭವಿಗಳು.

ಇನ್ನು ಕೈಚಳಕದ ವಿಷಯ. ಈ ಶಸ್ತ್ರಚಿಕಿತ್ಸೆಯನ್ನು ಫಂಡೊಪ್ಲಿಕೇಶನ್ ಎನ್ನುತ್ತಾರೆ. ರುಡಾಲ್ಫ್ ನಿಸೆನ್ ಅವರು 1956ರಲ್ಲಿ ಇದನ್ನು ಪ್ರಕಟಿಸಿದರು, 1991ರ ಹೊತ್ತಿಗೆ ಲ್ಯಾಪರೊಸ್ಕೋಪಿಯಲ್ಲಿ ಮಾಡುವ ಕ್ರಮ ಬಂದಿತು. ಎದೆಯೊಳಗೆ ಏರಿ ಕುಳಿತ ಜಠರವನ್ನು ಕೆಳಗಿಳಿಸಿ, ವಪೆಯ ರಂಧ್ರವನ್ನು ಹೊಲಿದು ಸಣ್ಣದು ಮಾಡಿ, ಜಠರದ ಮೇಲ್ತುದಿಯನ್ನು ಅನ್ನನಾಳದ ಕೆಳಭಾಗಕ್ಕೆ ಮುಂಡಾಸಿನಂತೆ ಸುತ್ತಿ ಹೊಲಿಯುತ್ತಾರೆ. ಬಿಗಿಯಾದರೆ ನುಂಗಲು ಕಷ್ಟ, ಸಡಿಲವಾದರೆ ಆಮ್ಲ ಮತ್ತೆ ಮೇಲೆ ಬರುತ್ತದೆ, ಜಾರಿದರೆ ಎರಡನೆಯ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು. ಎರಡನೆಯದು ಯಾವಾಗಲೂ ಮೊದಲನೆಯದಕ್ಕಿಂತ ಕಷ್ಟ, ಏಕೆಂದರೆ ಒಳಗೆ ಎಲ್ಲವೂ ಅಂಟಿಕೊಂಡಿರುತ್ತದೆ. ಆದ್ದರಿಂದ ಮೊದಲ ಸಲವೇ ಪಳಗಿದ ಕೈ ಬೇಕು.

ಪಳಗುವುದಕ್ಕೆ ಎಷ್ಟು ಬೇಕೆಂಬುದನ್ನು ಆಸ್ಟ್ರೇಲಿಯಾದ ಅಡಿಲೇಡ್‌ನ ಶಸ್ತ್ರಚಿಕಿತ್ಸಕರು 1996ರಲ್ಲಿ ಲೆಕ್ಕ ಹಾಕಿದ್ದರು. ಒಬ್ಬೊಬ್ಬರ ಮೊದಲ 20 ಶಸ್ತ್ರಚಿಕಿತ್ಸೆಗಳಲ್ಲಿ ತೊಡಕುಗಳು ಹೆಚ್ಚಾಗಿದ್ದವು, ಆಮೇಲೆ ಇಳಿದವು. ಅನುಭವಿಗಳು ಪಕ್ಕದಲ್ಲಿ ನಿಂತು ಕಲಿಸಿದಲ್ಲಿ ಹೊಸಬರಿಗೂ ತೊಡಕು ಕಡಿಮೆಯಾಯಿತು. ಹೀಗಾಗಿ "ತಾವು ಎಷ್ಟು ಲ್ಯಾಪರೊಸ್ಕೋಪಿ ಮಾಡಿದ್ದೀರಿ" ಎಂದು ಕೇಳಿ ಪ್ರಯೋಜನವಿಲ್ಲ. ಪಿತ್ತಕೋಶ, ಅಪೆಂಡಿಕ್ಸ್ ಎಲ್ಲ ಸೇರಿ ಸಾವಿರಾರು ಎಂಬ ಉತ್ತರ ಬರುತ್ತದೆ, ಅದು ಸುಳ್ಳೂ ಅಲ್ಲ. ಈ ಶಸ್ತ್ರಚಿಕಿತ್ಸೆಯನ್ನೇ ಒಟ್ಟು ಎಷ್ಟು ಮಾಡಿದ್ದೀರಿ, ಕಳೆದ ಒಂದು ವರ್ಷದಲ್ಲಿ ಎಷ್ಟು, ತಮ್ಮ ರೋಗಿಗಳಲ್ಲಿ ಎಷ್ಟು ಮಂದಿಗೆ ಮತ್ತೆ ಶಸ್ತ್ರಚಿಕಿತ್ಸೆ ಬೇಕಾಯಿತು ಎಂದು ವಿನಯದಿಂದಲೇ ಕೇಳಿ. ಬೋಧನಾ ಆಸ್ಪತ್ರೆಯಾದರೆ ಸುತ್ತು ಹಾಕಿ ಹೊಲಿಯುವವರು ಸ್ವತಃ ಅವರೇ, ಕಲಿಯುತ್ತಿರುವವರೇ ಎಂಬುದನ್ನೂ ಕೇಳಬಹುದು. ಕೇಳಿದ್ದಕ್ಕೆ ಸಿಟ್ಟಾಗುವವರಿದ್ದರೆ ಅಲ್ಲಿಂದ ಎದ್ದು ಬರುವುದಕ್ಕೆ ಸಂಕೋಚಪಡಬೇಡಿ.

ಪೂರ್ಣ ಸುತ್ತು 360 ಡಿಗ್ರಿಯದ್ದು. ಟೂಪೆ ಎಂಬ ಕ್ರಮದಲ್ಲಿ ಹಿಂಬದಿಯಿಂದ ಸುಮಾರು 270 ಡಿಗ್ರಿ, ಡೋರ್ ಕ್ರಮದಲ್ಲಿ ಮುಂಬದಿಯಿಂದ 180 ಡಿಗ್ರಿ. ಭಾವನವರಿಗೆ ಯಾವುದು, ಏಕೆ ಎಂಬ ಪ್ರಶ್ನೆಗೆ ಮ್ಯಾನೊಮೆಟ್ರಿ ವರದಿಯನ್ನು ಮುಂದಿಟ್ಟುಕೊಂಡು ಉತ್ತರಿಸುವವರು ಸಿಕ್ಕಿದರೆ ಅರ್ಧ ಪರೀಕ್ಷೆ ಮುಗಿದಂತೆಯೇ ಸರಿ. ಪದವಿಯನ್ನೂ ನೋಡಿ. ಎಂ.ಎಸ್. (ಶಸ್ತ್ರಚಿಕಿತ್ಸೆಯ ಸ್ನಾತಕೋತ್ತರ ಪದವಿ) ನಂತರ ಸರ್ಜಿಕಲ್ ಗ್ಯಾಸ್ಟ್ರೋಎಂಟರಾಲಜಿಯಲ್ಲಿ, ಅಂದರೆ ಜೀರ್ಣಾಂಗಗಳ ಶಸ್ತ್ರಚಿಕಿತ್ಸೆಯಲ್ಲಿ, ಎಂ.ಸಿಎಚ್. ಎಂಬ ಮೇಲಿನ ಪದವಿ ಮಾಡಿದವರು ಒಂದು ಬಗೆ, ಎಂ.ಎಸ್. ಮಾಡಿ ಲ್ಯಾಪರೊಸ್ಕೋಪಿಯಲ್ಲಿ ವಿಶೇಷ ತರಬೇತಿ ಪಡೆದು ಇದನ್ನೇ ವರ್ಷಗಳಿಂದ ಮಾಡುತ್ತಿರುವವರು ಇನ್ನೊಂದು ಬಗೆ. ಎರಡರಲ್ಲೂ ಸಮರ್ಥರಿದ್ದಾರೆ. ಗೋಡೆಯ ಮೇಲಿನ ಸರ್ಟಿಫಿಕೇಟಿಗಿಂತ ವರ್ಷಕ್ಕೆ ಎಷ್ಟು ಎಂಬ ಲೆಕ್ಕಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಇನ್ನೊಂದು ಮಾತು: "ಆಮೇಲೆ ಜೀವಮಾನದಲ್ಲಿ ಮಾತ್ರೆ ಬೇಡ" ಎಂದು ಭರವಸೆ ಕೊಡುವವರನ್ನು ನಂಬಬೇಡಿ. ಸ್ವೀಡನ್‌ನಲ್ಲಿ 2,655 ರೋಗಿಗಳನ್ನು ಸರಾಸರಿ ಐದು ವರ್ಷ ಹಿಂಬಾಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 17.7ರಷ್ಟು ಜನರಿಗೆ ರಿಫ್ಲಕ್ಸ್ ಮರುಕಳಿಸಿತ್ತು, ಅವರಲ್ಲಿ ಹೆಚ್ಚಿನವರು ಮತ್ತೆ ಮಾತ್ರೆಗೇ ಮರಳಿದ್ದರು.

ಉತ್ತರ: ಕಾರ್ಕಳದಿಂದ ಒಬ್ಬ ಓದುಗಿ

ಮೇಲಿನ ಸರ್ ಹೇಳಿದ ಎರಡೂ ಪರೀಕ್ಷೆಗಳನ್ನು ಮಾಡಿಸಿಕೊಂಡು, ಮಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವಳು ನಾನು. ನಾನು ಮೊದಲು ಹೋಗಿದ್ದ ಆಸ್ಪತ್ರೆಯಲ್ಲಿ ಮ್ಯಾನೊಮೆಟ್ರಿಯ ಮಾತೇ ಬರಲಿಲ್ಲ, ನೇರವಾಗಿ ಪ್ಯಾಕೇಜಿನ ಮೊತ್ತ ಹೇಳಿದರು. ಎರಡನೆಯ ಕಡೆ ಡಾಕ್ಟರು ಫೈಲು ನೋಡಿ, "ಇದು ಸಾಕಾಗುವುದಿಲ್ಲ ಅಮ್ಮ, ಒಳಗಿನ ಒತ್ತಡ ನೋಡದೆ ನಾನು ಕೈ ಹಾಕುವುದಿಲ್ಲ" ಎಂದರು. ಅಲ್ಲೇ ನನ್ನ ತೀರ್ಮಾನ ಆಗಿಹೋಯಿತು.

ಪರೀಕ್ಷೆಯ ಬಗ್ಗೆ ಹೆದರಿಕೆ ಇರಬಹುದೆಂದು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಮೂಗಿಗೆ ಮರಗಟ್ಟಿಸುವ ಜೆಲ್ ಹಚ್ಚಿ ತೆಳುವಾದ ನಳಿಕೆಯನ್ನು ಇಳಿಸುತ್ತಾರೆ. ಗಂಟಲು ದಾಟುವ ಆ ಒಂದು ಕ್ಷಣ ಓಕರಿಕೆ ಬರುತ್ತದೆ, ಆಮೇಲೆ ಇರುವುದು ಕಿರಿಕಿರಿ ಮಾತ್ರ. ಮಲಗಿಸಿ, ಸಿರಿಂಜಿನಲ್ಲಿ ಸ್ವಲ್ಪ ಸ್ವಲ್ಪವೇ ಉಪ್ಪುನೀರು ಬಾಯಿಗೆ ಹಾಕಿ, ಟೆಕ್ನಿಷಿಯನ್ ಹುಡುಗಿ "ಈಗ ನುಂಗಿ, ಇನ್ನು ನಾನು ಹೇಳುವವರೆಗೆ ಎಂಜಲನ್ನೂ ನುಂಗಬೇಡಿ" ಎನ್ನುತ್ತಿದ್ದಳು. ನುಂಗಬಾರದು ಎಂದಾಗಲೇ ನುಂಗಬೇಕು ಎನಿಸುತ್ತದೆ, ಅದೊಂದೇ ನಿಜವಾದ ಕಷ್ಟ. ಪಿಎಚ್ ಪರೀಕ್ಷೆಯ ನಳಿಕೆ ಇನ್ನೂ ತೆಳು. ಅದನ್ನು ಕೆನ್ನೆಗೆ ಪ್ಲಾಸ್ಟರಿನಿಂದ ಅಂಟಿಸಿ, ಹೆಗಲಿಗೆ ಯಂತ್ರವೊಂದನ್ನು ನೇತುಹಾಕಿ ಮನೆಗೆ ಕಳುಹಿಸಿದರು. ಉಣ್ಣುವಾಗ, ಮಲಗುವಾಗ, ಉರಿ ಬಂದಾಗ ಗುಂಡಿ ಒತ್ತಿ ಸಮಯ ಬರೆದಿಡಬೇಕು. ಬಸ್ಸಿನಲ್ಲಿ ಎಲ್ಲರೂ ನನ್ನ ಮೂಗನ್ನೇ ನೋಡುತ್ತಿದ್ದರು. ಆ ದಿನ ಪಥ್ಯ ಮಾಡಬೇಡಿ, ದಿನನಿತ್ಯದಂತೆಯೇ ಉಣ್ಣಿ ಎಂದಿದ್ದರಿಂದ ಮೀನು ಸಾರು, ಕುಚ್ಚಲಕ್ಕಿ ಅನ್ನವನ್ನೇ ಉಂಡೆ. ಭಾಗವತರಾದರೆ ಆಟ ಇರುವ ರಾತ್ರಿಯಂತೆಯೇ ತಡವಾಗಿ ಉಂಡು ಮಲಗಬೇಕು, ಇಲ್ಲದಿದ್ದರೆ ಯಂತ್ರಕ್ಕೆ ಅವರ ನಿಜವಾದ ದಿನಚರಿ ಸಿಗುವುದಿಲ್ಲ ಎಂದು ನನಗನಿಸುತ್ತದೆ.

ಎಷ್ಟು ಮಾಡಿದ್ದೀರಿ ಎಂದು ನಾನೂ ಕೇಳಿದೆ. ಡಾಕ್ಟರು ಬೇಸರಿಸದೆ, ಕಂಪ್ಯೂಟರಿನಲ್ಲಿ ಆ ವರ್ಷದ ಪಟ್ಟಿ ತೆರೆದು ಸಂಖ್ಯೆ ಹೇಳಿದರು. ಅದರಲ್ಲಿ ಒಬ್ಬರಿಗೆ ಸುತ್ತು ಬಿಗಿಯಾಗಿ ಬಲೂನಿನಿಂದ ಹಿಗ್ಗಿಸಬೇಕಾಯಿತು ಎಂಬುದನ್ನು ಕೇಳದೆಯೇ ಹೇಳಿದರು.

ಆಮೇಲಿನ ದಿನಗಳ ಬಗ್ಗೆ ಯಾರೂ ಸರಿಯಾಗಿ ಹೇಳುವುದಿಲ್ಲ. ಗಂಜಿತಿಳಿ, ರಾಗಿ ಮಣ್ಣಿ, ಆಮೇಲೆ ಬೆಂದು ಮೆತ್ತಗಾದ ಅನ್ನ, ಈ ಕ್ರಮದಲ್ಲಿ ಹಲವು ವಾರ ಹೋಗುತ್ತವೆ. ಚಪಾತಿಯ ಸಣ್ಣ ತುಂಡೊಂದು ಎದೆಯಲ್ಲಿ ನಿಂತು, ಮೇಲೂ ಇಲ್ಲ ಕೆಳಗೂ ಇಲ್ಲ ಎಂಬಂತಾಗಿ ಕಣ್ಣಲ್ಲಿ ನೀರು ಬಂದದ್ದಿದೆ. ಕೋರಿರೊಟ್ಟಿಯ ಆಸೆಯನ್ನು ಬಹಳ ಕಾಲ ಬಿಡಬೇಕು. ತೇಗು ಸರಿಯಾಗಿ ಬರುವುದಿಲ್ಲ. ಮೇಲಿನ ದಾರಿ ಮುಚ್ಚಿದ ಗಾಳಿ ಕೆಳಗಿನಿಂದಲೇ ಹೋಗಬೇಕು, ನಾಲ್ಕು ಜನರ ನಡುವೆ ಕುಳಿತುಕೊಳ್ಳುವವರಿಗೆ ಇದು ಸಣ್ಣ ವಿಷಯವಲ್ಲ. ಇಷ್ಟಾದರೂ ಈಗ ಒಂದೇ ದಿಂಬಿನಲ್ಲಿ ಮಲಗುತ್ತೇನೆ.

ಉತ್ತರ: ಕದ್ರಿ ನಿವಾಸಿ

ಬೆಂಗಳೂರಿನ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ಮಣಿಪಾಲದಿಂದ ದೇರಳಕಟ್ಟೆಯವರೆಗೆ ಇಷ್ಟೊಂದು ವೈದ್ಯಕೀಯ ಕಾಲೇಜುಗಳಿರುವಾಗ ಘಟ್ಟ ಹತ್ತುವ ಅಗತ್ಯ ನನಗಂತೂ ಕಾಣುವುದಿಲ್ಲ. ಆದರೆ ಕಟ್ಟಡ ದೊಡ್ಡದಾದ ಮಾತ್ರಕ್ಕೆ ಈ ಕೆಲಸ ಅಲ್ಲಿ ನಿತ್ಯ ನಡೆಯುತ್ತದೆ ಎಂದು ಭಾವಿಸಬೇಡಿ. ಮ್ಯಾನೊಮೆಟ್ರಿ ಯಂತ್ರ ಎಲ್ಲ ಕಡೆ ಇರುವುದಿಲ್ಲ. ಗ್ಯಾಸ್ಟ್ರೋಎಂಟರಾಲಜಿ ವಿಭಾಗಕ್ಕೆ ಫೋನ್ ಮಾಡಿ, ಆ ಪರೀಕ್ಷೆ ತಮ್ಮಲ್ಲೇ ಇದೆಯೇ, ವಾರದಲ್ಲಿ ಯಾವ ದಿನ ಮಾಡುತ್ತೀರಿ ಎಂದು ಕೇಳಿದರೆ ಬಹಳಷ್ಟು ಗೊತ್ತಾಗುತ್ತದೆ. ನುಂಗಲು ತೊಂದರೆಯಾಗಿ ಮೇಲಿಂದ ಮೇಲೆ ತೋರಿಸಲು ಹೋಗಬೇಕಾದ ಪ್ರಸಂಗ ಬಂದರೆ ಡಾಕ್ಟರು ಒಂದೆರಡು ಗಂಟೆಯ ದಾರಿಯಲ್ಲಿರುವುದು ಒಳ್ಳೆಯದು. ಮಳೆಗಾಲದಲ್ಲಿ ಶಿರಾಡಿ ಘಾಟಿಯ ಪಾಡು ಎಲ್ಲರಿಗೂ ತಿಳಿದದ್ದೇ.

ಉತ್ತರ: ವಿಮೆ ಕಚೇರಿಯಲ್ಲಿದ್ದವನು, ಸುರತ್ಕಲ್

ಖರ್ಚಿನ ಬಗ್ಗೆ ಎರಡು ಮಾತು. ಖಾಸಗಿ ಆರೋಗ್ಯ ವಿಮೆಯಿದ್ದರೆ ಪಾಲಿಸಿಯ ಹಾಳೆಯಲ್ಲಿ ಹರ್ನಿಯಾಕ್ಕೆ ಎಷ್ಟು ಕಾಯುವ ಅವಧಿ ಎಂದು ನೋಡಿ. ಅನೇಕ ಪಾಲಿಸಿಗಳಲ್ಲಿ ಅದು ಎರಡು ವರ್ಷ, ಮತ್ತು ಹಯಾಟಸ್ ಹರ್ನಿಯಾವನ್ನೂ ಅದೇ ಲೆಕ್ಕಕ್ಕೆ ಸೇರಿಸುತ್ತಾರೆ. ನಗದುರಹಿತ ಸೌಲಭ್ಯಕ್ಕೆ ಶಸ್ತ್ರಚಿಕಿತ್ಸೆಯ ಮೊದಲೇ ಒಪ್ಪಿಗೆ ಪಡೆಯಬೇಕು. ಆ ಅರ್ಜಿಗೆ ಎಂಡೋಸ್ಕೋಪಿ, ಮ್ಯಾನೊಮೆಟ್ರಿ, ಪಿಎಚ್ ವರದಿ ಮೂರನ್ನೂ ಲಗತ್ತಿಸಿದರೆ ಪ್ರಶ್ನೆಗಳು ಕಡಿಮೆ ಬರುತ್ತವೆ. ಬಿಪಿಎಲ್ ಕಾರ್ಡ್ ಇದ್ದು ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಮಾಡಿಸುವುದಾದರೆ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರನ್ನು ಕಂಡು, ಈ ಶಸ್ತ್ರಚಿಕಿತ್ಸೆಗೆ ರೆಫರಲ್ ಹೇಗೆ ಎಂದು ಕೇಳಿಕೊಳ್ಳಿ. ನೇರವಾಗಿ ಖಾಸಗಿ ಆಸ್ಪತ್ರೆಗೆ ದಾಖಲಾಗಿ ಆಮೇಲೆ ಕಾಗದ ಓಡಾಡಿಸುವುದು ಕಷ್ಟ.

ಬ್ರಹ್ಮಾವರದವನು

ಎಲ್ಲರಿಗೂ ಧನ್ಯವಾದಗಳು. ನಿಮ್ಮ ಉತ್ತರಗಳನ್ನು ಭಾವನವರಿಗೆ ಓದಿ ಹೇಳಿದೆ. ಮಾತ್ರೆಯನ್ನು ಹೇಗೆ ತೆಗೆದುಕೊಳ್ಳುತ್ತೀರಿ ಎಂದು ಕೇಳಿದರೆ, ಊಟವಾದ ಮೇಲೆ ಮಲಗುವ ಮುಂಚೆ ಎಂದರು! ಪರೀಕ್ಷೆಗಳಿಗೆ ಒಪ್ಪಿದ್ದಾರೆ. ಅವರ ಚಿಂತೆಯೆಲ್ಲ ಸ್ವರದ ಮೇಲೆಯೇ ಇದೆ. ಶಸ್ತ್ರಚಿಕಿತ್ಸೆಯಿಂದ ಸ್ವರ ಸರಿಹೋಗುತ್ತದೆಯೇ? ಮಾಡಿಸುವುದಾದರೆ ಮೇ ಕೊನೆಯ ಪತ್ತನಾಜೆಗೆ ತಿರುಗಾಟ ಮುಗಿದು ಮೇಳ ಒಳಸೇರಿದ ಮೇಲೆ ಮಾಡಿಸಿ, ದೀಪಾವಳಿಯ ನಂತರದ ತಿರುಗಾಟಕ್ಕೆ ಹೊರಡಬಹುದೇ?

ನಿವೃತ್ತ ಶಸ್ತ್ರಚಿಕಿತ್ಸಕ, ಉಡುಪಿ

ಮಾತ್ರೆಯ ವಿಷಯ ತಿಳಿದದ್ದು ಒಳ್ಳೆಯದಾಯಿತು. ಅದು ಕೆಲಸ ಮಾಡಬೇಕಾದರೆ ಊಟಕ್ಕೆ ಅರ್ಧದಿಂದ ಒಂದು ಗಂಟೆ ಮೊದಲು ಹೊಟ್ಟೆ ಸೇರಿರಬೇಕು. ಯಾವ ಹೊತ್ತಿನ ಊಟಕ್ಕೆ ಮೊದಲು, ದಿನಕ್ಕೆ ಎಷ್ಟು ಸಲ ಎಂಬುದನ್ನು ಗ್ಯಾಸ್ಟ್ರೋ ಡಾಕ್ಟರರು ಅವರ ದಿನಚರಿ ಕೇಳಿ ನಿರ್ಧರಿಸಲಿ. ಸಾಧ್ಯವಿದ್ದಲ್ಲಿ ರಾತ್ರಿಯ ಊಟವನ್ನು ಚೌಕಿಗೆ (ಬಣ್ಣದ ಮನೆಗೆ) ಹೋಗುವ ಮುಂಚೆಯೇ ಮುಗಿಸಿ, ಆಟ ಮುಗಿದ ಮೇಲೆ ಲಘುವಾಗಿ ಏನಾದರೂ ತೆಗೆದುಕೊಂಡರೆ ಸಾಕು. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಮರದ ತುಂಡು ಇಟ್ಟು ಎತ್ತರಿಸಲಿ. ಇಷ್ಟನ್ನು ಕೆಲವು ವಾರ ಸರಿಯಾಗಿ ಮಾಡಿ ನೋಡಿದ ಮೇಲೂ ಉರಿ ಉಳಿದರೆ ಶಸ್ತ್ರಚಿಕಿತ್ಸೆಯ ಮಾತಿಗೆ ತೂಕ ಬರುತ್ತದೆ.

ಸ್ವರದ ಬಗ್ಗೆ ನೇರವಾಗಿ ಹೇಳುತ್ತೇನೆ. ಎದೆಯುರಿ, ಹುಳಿನೀರಿಗೆ ಈ ಶಸ್ತ್ರಚಿಕಿತ್ಸೆ ಕೊಡುವ ಭರವಸೆಯನ್ನು ಗಂಟಲಿನ ತೊಂದರೆಗೆ ಕೊಡಲಾಗುವುದಿಲ್ಲ. ವರ್ಷಗಟ್ಟಲೆ ಏರುಶ್ರುತಿಯಲ್ಲಿ ಹಾಡಿದವರ ಸ್ವರತಂತುಗಳಲ್ಲಿ ಗಂಟು ಮೂಡಿರಬಹುದು, ಅದಕ್ಕೂ ಆಮ್ಲಕ್ಕೂ ಸಂಬಂಧವಿಲ್ಲದಿರಬಹುದು. ಆದ್ದರಿಂದ ಕಿವಿ-ಮೂಗು-ಗಂಟಲು ತಜ್ಞರಲ್ಲಿ ಸ್ವರತಂತುಗಳ ವಿಡಿಯೊ ಪರೀಕ್ಷೆ ಮೊದಲೇ ಆಗಬೇಕು. ಶಸ್ತ್ರಚಿಕಿತ್ಸೆ ನಿಶ್ಚಯವಾದರೆ, ಇವರು ಹಾಡಿ ಬದುಕುವವರು ಎಂದು ಅರಿವಳಿಕೆ ತಜ್ಞರಿಗೆ ಮುಂಚಿತವಾಗಿ ತಿಳಿಸಿ. ಉಸಿರಾಟದ ಕೊಳವೆ ಸ್ವರತಂತುಗಳ ನಡುವೆಯೇ ಹಾದುಹೋಗುತ್ತದೆ. ತಿಳಿದಿದ್ದರೆ ಕೊಳವೆಯ ಗಾತ್ರದಲ್ಲಿ, ಹಾಕುವ ರೀತಿಯಲ್ಲಿ ಅವರು ಇನ್ನಷ್ಟು ಜಾಗ್ರತೆ ವಹಿಸುತ್ತಾರೆ. ಭಾವನವರ ಶಸ್ತ್ರಚಿಕಿತ್ಸಕರು ಸ್ವರದ ಬಗ್ಗೆ ಏನು ಹೇಳುತ್ತಾರೆ ಎಂಬುದನ್ನು ಗಮನವಿಟ್ಟು ಕೇಳಿ. "ಎಲ್ಲ ಸರಿಹೋಗುತ್ತದೆ" ಎಂದುಬಿಟ್ಟರೆ ಇನ್ನೊಬ್ಬರ ಅಭಿಪ್ರಾಯ ಪಡೆಯುವುದು ಕ್ಷೇಮ.

ಕಾಲದ ಆಯ್ಕೆ ಸರಿಯಾಗಿದೆ. ಮೊದಲ ನಾಲ್ಕರಿಂದ ಆರು ವಾರ ಭಾರ ಎತ್ತುವಂತಿಲ್ಲ. ವಾಂತಿ, ಜೋರು ಕೆಮ್ಮು ಬಾರದಂತೆ ನೋಡಿಕೊಳ್ಳಬೇಕು, ಏಕೆಂದರೆ ಹೊಟ್ಟೆಯ ಒತ್ತಡ ಒಮ್ಮೆಲೇ ಏರಿದರೆ ಹೊಸ ಹೊಲಿಗೆಗೆ ಪೆಟ್ಟು. ಎತ್ತರದ ಶ್ರುತಿಯಲ್ಲಿ ಹಾಡುವಾಗಲೂ ಹೊಟ್ಟೆ ಬಿಗಿಯುತ್ತದೆ, ಆದ್ದರಿಂದ ಹಾಡಲು ಯಾವಾಗ ಶುರುಮಾಡಬಹುದೆಂದು ಶಸ್ತ್ರಚಿಕಿತ್ಸಕರನ್ನೇ ಕೇಳಿ. ಜೂನ್‌ನಲ್ಲಿ ಮಾಡಿಸಿಕೊಂಡರೆ ಮಳೆಗಾಲ ಪೂರ್ತಿ ಕೈಯಲ್ಲಿರುತ್ತದೆ. ಮಳೆಗಾಲದ ತಾಳಮದ್ದಳೆಗಳಿಗೆ ಮಾತ್ರ ಈ ವರ್ಷ ಒಪ್ಪಿಕೊಳ್ಳುವುದು ಬೇಡ.